ಟೀಚರಮ್ಮ ‘ಹೂಂ’ ಅಂದ ಸಂಜೆ

“ಹಲ್ಲು ತೋರಿಸೋಕಲ್ಲ ಡಾಕ್ಟ್ರೇ, ಕುರ್ಚಿ ತೋರಿಸೋಕೆ ಬಂದಿದೀವಿ,” ಎಂದಳು ಟೀಚರಮ್ಮ.

ಕೈಗವಸು ಹಾಕಿಕೊಳ್ಳುತ್ತಿದ್ದ ಹಲ್ಲಿನ ಡಾಕ್ಟರು ಅರ್ಧಕ್ಕೇ ನಿಲ್ಲಿಸಿದ. ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ಪುಟ್ಟ ಹುಡುಗಿಯೊಂದು ನಿಂತಿತ್ತು, ಎರಡೂ ಕಿವಿಗೆ ಅಂಗೈ ಒತ್ತಿಕೊಂಡು. ಹಿಂದೆ ಅದರ ಅಮ್ಮ. ಮುಂದೆ ಈ ಟೀಚರಮ್ಮ, ಕುತ್ತಿಗೆಯಲ್ಲಿ ಚಿತ್ರದ ಕಾರ್ಡುಗಳ ಗೊಂಚಲು.

ಟೀಚರಮ್ಮ ಅನ್ನುವುದು ಅವಳಿಗೆ ಮನೆಯವರು ಇಟ್ಟ ಹೆಸರು. ಅದರಲ್ಲಿ ಪ್ರೀತಿ ಅರ್ಧ, ಗೇಲಿ ಅರ್ಧ. ವಿಶೇಷ ಮಕ್ಕಳ ಶಾಲೆಗೆ ಸೇರಿ ಇನ್ನೂ ಮೊದಲನೇ ವರ್ಷ. “ಇಷ್ಟೆಲ್ಲ ಓದಿ, ಹೋಗಿ ಹೋಗಿ ಅಲ್ಲಿಗಾ?” ಎಂದು ಅಮ್ಮ ಮೂಗು ಮುರಿದಿದ್ದಳು. ಮೂಗು ಮುರಿದಷ್ಟೂ ಇವಳ ಹಟ ಬಲಿಯಿತು. ಮಾತನಾಡದ, ಆದರೆ ಎಲ್ಲವನ್ನೂ ಕೇಳಿಸಿಕೊಳ್ಳುವ ಈ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವಳೂ ಇವಳೇ.

“ಇವತ್ತು ಗುಬ್ಬಿ ಕುರ್ಚಿ ನೋಡ್ತಾಳೆ, ಹೋಗ್ತಾಳೆ. ಇನ್ನೊಂದ್ಸಲ ಕೂರ್ತಾಳೆ, ಹೋಗ್ತಾಳೆ. ಹೀಗೇ ಅಭ್ಯಾಸ ಮಾಡ್ಸಿ, ಒಂದಿನ ನೀವು ಹಲ್ಲು ಮುಟ್ಟಿದ್ರೆ ಅವಳಿಗೆ ಅದು ಹೊಸದು ಅನ್ಸಲ್ಲ. ನಿಮ್ಮ ಟೈಮ್ ಹಾಳಾಗತ್ತೆ, ಗೊತ್ತು.”

ಡಾಕ್ಟರು ಏನೋ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ. ತುಟಿ ಕೂಡಿತು, ಕಣ್ಣು ಎರಡು ಸಲ ಮಿಟುಕಿತು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಉಗ್ಗು ಇರುವವರ ಎದುರು ಲೋಕ ಏನು ಮಾಡುತ್ತದೋ ಅದನ್ನು ಟೀಚರಮ್ಮ ಮಾಡಲಿಲ್ಲ. ಸುಮ್ಮನೆ ತಲೆಯಾಡಿಸಲಿಲ್ಲ, ಗಡಿಯಾರ ನೋಡಲಿಲ್ಲ, ಅವನ ಬಾಯಿಗೆ ತನ್ನ ಪದ ತುರುಕಲಿಲ್ಲ. ಇಡೀ ಮಧ್ಯಾಹ್ನ ತನ್ನದೇ ಎಂಬಂತೆ ಅವನ ಮುಖ ನೋಡುತ್ತ ನಿಂತಳು.

“ಕು... ಕುರ್ಚಿ ನೋಡೋಕೆ ಅಪಾಯಿಂಟ್‌ಮೆಂಟ್ ಬೇಕಿಲ್ಲ,” ಎಂದ ಅವನು ಕೊನೆಗೆ.

ಅವಳು ನಕ್ಕಳು. ಆ ನಗುವಿನಲ್ಲಿ ಕರುಣೆಯಿದೆಯೇ ಎಂದು ಅವನು ಹುಡುಕಿದ. ಸಿಗಲಿಲ್ಲ. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಿ.

ಆಮೇಲೆ ಗುಬ್ಬಿಯ ನೆಪದಲ್ಲಿ ಭೇಟಿಗಳು ನಡೆದವು. ಗುಬ್ಬಿ ಕುರ್ಚಿ ಮುಟ್ಟಿದಳು, ಕೂತಳು, ಮೇಲೆ ಕೆಳಗೆ ಆಡಿದಳು, ದೀಪಕ್ಕೆ ಕಣ್ಣು ಕಿರಿದು ಮಾಡಿದಳು. ಪ್ರತಿ ಹೆಜ್ಜೆಗೂ ಟೀಚರಮ್ಮ ಒಂದು ಕಾರ್ಡು ತಿರುಗಿಸುವಳು. ಗುಬ್ಬಿಗೆ ಆನೆ ಇಷ್ಟ ಎಂದು ತಿಳಿದ ಮೇಲೆ ಡಾಕ್ಟರು ಆನೆ ಚಿತ್ರದ ಟೀ ಶರ್ಟು ಹಾಕಲು ಶುರುಮಾಡಿದ. ಇಪ್ಪತ್ತು ದಾಟಿದವನಂತೆ ಕಾಣದ ಸಣಕಲು ಮೈ ಅವನದು, ಆ ಅಂಗಿಯಲ್ಲಿ ಇನ್ನೂ ಚಿಕ್ಕವನಾಗಿ ಕಂಡ.

“ಈ ಅಂಗಿ ಗುಬ್ಬಿಗೋಸ್ಕರವಾ?” ಎಂದು ಒಮ್ಮೆ ಅವಳು ಕಣ್ಣಂಚಲ್ಲೇ ಕೇಳಿದಳು.

“ಗು... ಗುಬ್ಬಿಗೂ,” ಎಂದ ಅವನು. ಆ ‘ಊ’ಕಾರವನ್ನು ಅವಳು ಮನೆಗೆ ಹೊತ್ತುಕೊಂಡು ಹೋದಳು.

ಒಂದು ದಿನ ಗುಬ್ಬಿಯ ಅಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಕಣ್ಣೀರು ಹಾಕಿದಳು. ಲಿಫ್ಟಿನಲ್ಲಿ ಹೊಸ ನೆರೆಯವರು, “ಈ ಮಗು ಯಾರದು?” ಎಂದು ಕೇಳಿದ್ದರಂತೆ. ಗುಬ್ಬಿ ಆಗ ಕೂಗುತ್ತಿದ್ದಳಂತೆ. ಇವಳು, “ಪರಿಚಯದವರದು,” ಎಂದುಬಿಟ್ಟಿದ್ದಳಂತೆ.

ಟೀಚರಮ್ಮನಿಗೆ ರೇಗಿತು. ಹೊಸ ಕೆಲಸದ ಬಿಸಿ ರಕ್ತ. “ಹೆತ್ತವರೇ ಹೀಗಂದ್ರೆ ಬೇರೆಯವರನ್ನ ಏನು ಅನ್ನೋದು? ಅವಳಿಗೆ ಮಾತು ಬರಲ್ಲ, ಕಿವಿ ಕೇಳತ್ತಲ್ಲ. ನಾಚ್ಕೋಬೇಕಾದ್ದು ಅವಳಲ್ಲ, ನೀವು.”

ಗುಬ್ಬಿಯ ಅಮ್ಮ ತಲೆ ತಗ್ಗಿಸಿದಳು. ಒಳಗೆ ಕೈ ತೊಳೆಯುತ್ತಿದ್ದ ಡಾಕ್ಟರು ಎಲ್ಲ ಕೇಳಿಸಿಕೊಂಡ. ತಾಯಿ ಮಗಳು ಹೋದಮೇಲೆ ಟೀಚರಮ್ಮನಿಗೆ ಅಂದ, “ನಿನ್ನ ಬಾಯಿಗೆ ನನ್ನ ಡ್ರಿಲ್ಲೇ ಹೆದರತ್ತೆ.” ‘ನೀವು’ ಹೋಗಿ ‘ನೀನು’ ಯಾವಾಗ ಬಂತೋ ಇಬ್ಬರಿಗೂ ತಿಳಿಯದು. “ಶನಿವಾರ ಸಂಜೆ ಪಾರ್ಕ್ ಎದುರಿನ ಬೇಕರಿಗೆ ಬರ್ತೀಯಾ? ಒಂದು ಮಾತು ಹೇಳೋದಿದೆ.”

“ಇಲ್ಲೇ ಹೇಳ್ಬೋದಲ್ಲ.”

“ಹೊತ್ತು ಹಿಡಿಯತ್ತೆ. ನನ್ನ ಸ್ಪೀಡು ಗೊತ್ತಲ್ಲ.”

ಆ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಶನಿವಾರ ಕಾಡಿಗೆ ಹಚ್ಚಿ, ಒರೆಸಿ, ಮತ್ತೆ ಹಚ್ಚಿದಳು.

ಬೇಕರಿಯಲ್ಲಿ ಅವನು ಮೊದಲೇ ಬಂದು ಮೂಲೆಯ ಮೇಜು ಹಿಡಿದಿದ್ದ. ಕ್ಲಿನಿಕ್ಕಿನಿಂದ ನೇರ ಬಂದಿದ್ದರಿಂದ ಆನೆ ಅಂಗಿಯಲ್ಲೇ ಇದ್ದ. ಅವಳು ಕೂತಳು. ಅವನು ಲೋಟದ ಅಂಚನ್ನು ಬೆರಳಿಂದ ಸವರುತ್ತ ಧೈರ್ಯ ಕೂಡಿಸಿಕೊಳ್ಳುತ್ತಿದ್ದ. ಅವಳು ಆ ಬೆರಳನ್ನೇ ನೋಡುತ್ತಿದ್ದಳು.

“ಏನೇ ಟೀಚರಮ್ಮ, ನೀನಿಲ್ಲಿ?”

ಚಿಕ್ಕಮ್ಮ. ಜೊತೆಗೆ ಅಮ್ಮ. ಇಬ್ಬರ ಕೈಯಲ್ಲೂ ಪೇಟೆಯ ಚೀಲಗಳು. ಚಿಕ್ಕಮ್ಮ ಎಂದರೆ ಮಾತಿಗೆ ಅಲ್ಪವಿರಾಮ ಇಲ್ಲದ ಹೆಂಗಸು, ಮನಸ್ಸು ಮಾತ್ರ ಬೆಣ್ಣೆ. ಅಮ್ಮ ಹಾಗಲ್ಲ. ಅಮ್ಮ ಮೊದಲು ನೋಡುತ್ತಾಳೆ, ಆಮೇಲೆ ಅಳೆಯುತ್ತಾಳೆ, ಕೊನೆಗೆ ಮಾತಾಡುತ್ತಾಳೆ.

ಅವನು ಎದ್ದು ನಿಂತ. ತಾನೇ ಪರಿಚಯ ಹೇಳಿಕೊಳ್ಳಲು ಹೊರಟ. ಲೋಕದ ಪದಗಳೆಲ್ಲ ಒಂದು ತೂಕವಾದರೆ ಅವನಿಗೆ ಅವನ ಹೆಸರೇ ಒಂದು ತೂಕ. ತುಟಿ ಬಿಗಿಯಿತು, ಕುತ್ತಿಗೆಯ ನರ ಎದ್ದಿತು, ಕಣ್ಣು ಮುಚ್ಚಿ ತೆರೆಯಿತು. ಸದ್ದಿಲ್ಲ. ಪಕ್ಕದ ಮೇಜಿನವರು ತಿನ್ನುವುದನ್ನು ಬಿಟ್ಟು ತಿರುಗಿದರು. ಅಮ್ಮನ ಹುಬ್ಬು ಮೇಲೇರಿತು.

ಇಷ್ಟು ದಿನ ತನ್ನ ಕಣ್ಣಿನಿಂದ ಅವನನ್ನು ನೋಡಿದ್ದ ಟೀಚರಮ್ಮ ಆ ಕ್ಷಣ ಅಮ್ಮನ ಕಣ್ಣಿನಿಂದ ನೋಡಿದಳು. ಮುಖಕ್ಕೆ ಬೆಂಕಿ ಬಿದ್ದಂತಾಯಿತು.

“ಪಾಪ, ನಿನ್ನ ಸ್ಕೂಲಲ್ಲಿ ಕಲಿಯೋ ಹುಡುಗನೇನೇ?” ಎಂದಳು ಚಿಕ್ಕಮ್ಮ. ಅವಳ ಶಾಲೆಯಲ್ಲಿ ಮೀಸೆ ಬಂದ ಹುಡುಗರೂ ಇದ್ದಾರೆಂದು ಚಿಕ್ಕಮ್ಮನಿಗೆ ಗೊತ್ತಿತ್ತು.

“ಹೂಂ,” ಎಂದಳು ಟೀಚರಮ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವಳದು ಮಾತು ಕೂಡ ಅಲ್ಲ, ಬಾಯಿ ಬಿಡದೆ ಆಡಿದ ಅರ್ಧ ಸದ್ದು. ಅವನು ಹೆಸರು ಹೇಳುವ ಪ್ರಯತ್ನ ನಿಲ್ಲಿಸಿದ. ಅವಳತ್ತ ಒಮ್ಮೆ ನೋಡಿದ. ಆಮೇಲೆ ಕೂತುಕೊಂಡ.

ಚಿಕ್ಕಮ್ಮನ ಮನಸ್ಸು ಕರಗಿಹೋಯಿತು. ಅವನ ಕೆನ್ನೆ ತಟ್ಟಿದಳು, ಒಂದು ತುಂಡು ಕೇಕು ತರಿಸಿ ಮುಂದಿಟ್ಟಳು, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, “ಕೇಕು. ತಿನ್ನಪ್ಪ. ಕೇ-ಕು,” ಎಂದಳು. ಹಲ್ಲಿನ ಡಾಕ್ಟರು ಚಮಚ ತೆಗೆದುಕೊಂಡು ಪೂರ್ತಿ ಕೇಕು ತಿಂದ. ನಡುನಡುವೆ ಟೀಚರಮ್ಮನನ್ನು ನೋಡಿದ. ಪ್ರತಿ ಸಲವೂ ಅವಳು ಬಾಯಿ ಬಿಡಬಹುದಿತ್ತು.

“ಎಷ್ಟು ಅಚ್ಚುಕಟ್ಟಾಗಿ ತಿಂತಾನೆ ನೋಡು. ಚೆನ್ನಾಗಿ ಕಲಿಸಿದೀಯ ಕಣೇ,” ಎಂದು ಚಿಕ್ಕಮ್ಮ ಮೆಚ್ಚಿಕೊಂಡಳು.

“ಆಯ್ತಲ್ಲ, ಬಾ ಒಟ್ಟಿಗೇ ಹೋಗೋಣ,” ಎಂದಳು ಅಮ್ಮ. ಟೀಚರಮ್ಮ ಎದ್ದು ಅವರ ಚೀಲವೊಂದನ್ನು ಹಿಡಿದುಕೊಂಡು ಹೊರಟುಬಿಟ್ಟಳು. ಬಾಗಿಲಲ್ಲಿ ತಿರುಗಿ ಕೂಡ ನೋಡಲಿಲ್ಲ.

ನಾಚಿಕೆ ಅನ್ನುವುದು ವಿಚಿತ್ರ. ಆಗುವಾಗ ಅದು ಮುಖದಲ್ಲಿರುತ್ತದೆ, ಆಮೇಲೆ ಹೊಟ್ಟೆಗೆ ಇಳಿಯುತ್ತದೆ. ಅವಳಿಗೆ ಅನ್ನ ಸೇರಲಿಲ್ಲ. ಕನ್ನಡಿಯ ಮುಂದೆ ಹಲ್ಲುಜ್ಜುವಾಗ ಕಣ್ಣು ಮುಚ್ಚಿಕೊಂಡಳು. ಅವನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ‘ಕ್ಷಮಿಸು’ ಎಂದು ಮೆಸೇಜು ಬರೆದು ಅಳಿಸಿದಳು, ಯಾಕೆಂದರೆ ಆ ಪದ ತೀರಾ ಸಣ್ಣದಾಗಿ ಕಂಡಿತು. ಮಾರನೆಯ ದಿನ ಅವನಿಂದಲೇ ಮೆಸೇಜು ಬಂತು: ‘ಗುಬ್ಬಿಯ ಹಲ್ಲು ತುಂಬಿಸೋದು ಗುರುವಾರ. ಮರೆಯಬೇಡಿ ಟೀಚರ್.’ ಆ ಮರ್ಯಾದೆಯೇ ಅವಳಿಗೆ ಏಟಿನಂತೆ ಬಿತ್ತು.

ಸೋಮವಾರ ಶಾಲೆಯ ಗೇಟಿನಲ್ಲಿ ಗುಬ್ಬಿಯ ಅಮ್ಮ ಕಾಯುತ್ತಿದ್ದಳು. ಮುಖ ಅರಳಿತ್ತು.

“ಟೀಚರ್, ಲಿಫ್ಟಲ್ಲಿ ಅವರು ಮತ್ತೆ ಸಿಕ್ಕಿದ್ರು. ನಾನಾಗೇ ಹೇಳ್ದೆ, ಇವಳು ನನ್ನ ಮಗಳು ಅಂತ. ನೀವು ಅವತ್ತು ಬೈದಿರಲ್ಲ, ಅದಕ್ಕೇ ಬಾಯಿ ಬಂತು. ನಿಮ್ಮಂಥೋರು ಇರ್ಬೇಕು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಏನೋ ಗೊಣಗಿ ಒಳಗೆ ಓಡಿದಳು. ಆಟದ ಸಾಮಾನಿನ ಕೋಣೆಯಲ್ಲಿ ಸುತ್ತಿಟ್ಟ ಸ್ಪಂಜಿನ ಮ್ಯಾಟುಗಳ ನಡುವೆ ಕೂತು ಅತ್ತಳು. ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಟೀಚರ್, ಚೆಂಡು ಹುಡುಕಿಕೊಂಡು ಬಂದವರು ಇವಳನ್ನು ಕಂಡರು.

“ನಾನು ಈ ಕೆಲಸಕ್ಕೆ ಲಾಯಕ್ಕಲ್ಲ ಮೇಡಂ. ಬಿಟ್ಬಿಡ್ತೀನಿ,” ಎಂದು ನಡೆದದ್ದೆಲ್ಲ ಹೇಳಿದಳು.

ದೊಡ್ಡ ಟೀಚರ್ ಪೂರ್ತಿ ಕೇಳಿದರು. ಸಮಾಧಾನ ಹೇಳುತ್ತಾರೆಂದು ಇವಳು ಕಾದಳು. ಅವರು ಚೆಂಡು ಎತ್ತಿಕೊಂಡರು.

“ಯಾರಿಗೆ ಹೇಳ್ಬೇಕೋ ಅವರಿಗೆ ಹೇಳಮ್ಮ. ನನ್ನ ಹತ್ರ ಹೇಳ್ಕೊಂಡು ಅತ್ರೆ ಮ್ಯಾಟು ಒದ್ದೆಯಾಗತ್ತೆ, ಅಷ್ಟೇ. ಕೆಲಸ ಬಿಡೋದು ಸುಲಭ. ಮಕ್ಕಳು ಕಾಯ್ತಿದಾರೆ, ಮುಖ ತೊಳ್ಕೊಂಡು ಬಾ.”

ಗುರುವಾರ ಗುಬ್ಬಿ ಕ್ಲಿನಿಕ್ಕಿನ ಕುರ್ಚಿ ಹತ್ತಿ, ಯಾರೂ ಹೇಳದೆ ಬಾಯಿ ತೆರೆದಳು. ಡ್ರಿಲ್ಲು ಸದ್ದು ಮಾಡಿದಾಗ ಟೀಚರಮ್ಮನ ಬೆರಳನ್ನು ಬಿಗಿಯಾಗಿ ಹಿಡಿದಳು, ಬಿಡಲಿಲ್ಲ, ಅಳಲೂ ಇಲ್ಲ. ಎಷ್ಟೋ ವಾರಗಳ ಕೆಲಸ ಗೆದ್ದಿತ್ತು. ಗುಬ್ಬಿಯ ಅಮ್ಮ ನಗುತ್ತ ಅಳುತ್ತ ಮಗಳನ್ನು ಕರೆದುಕೊಂಡು ಹೋದಳು. ಆ ಗೆಲುವನ್ನು ಹಂಚಿಕೊಳ್ಳಬೇಕಿದ್ದ ಇಬ್ಬರು ಸ್ಟೀಲಿನ ಟ್ರೇ ಒಂದರ ಆಚೀಚೆ ನಿಂತಿದ್ದರು.

“ನನ್ನಿಂದ ತಪ್ಪಾಯ್ತು. ನಿಮ್ಮನ್ನ ಸ್ಕೂಲಿನ ಹುಡುಗ ಅಂದ್ಬಿಟ್ಟೆ. ನಿಮಗೆಷ್ಟು ಅವಮಾನ ಆಯ್ತೋ,” ಎಂದಳು. ಸಲುಗೆಯ ಹಕ್ಕು ಕಳೆದುಕೊಂಡವಳಿಗೆ ‘ನೀವು’ ತಾನಾಗಿಯೇ ಬಂತು.

ಅವನು ತಲೆ ಅಲ್ಲಾಡಿಸಿದ. ಮಾತು ತಡೆತಡೆದು, ನಿಂತು ನಿಂತು ಬಂತು.

“ನಿನ್ನ ಸ್ಕೂಲಿನ ಹುಡುಗ ಅನ್ನಿಸ್ಕೊಳ್ಳೋದು ಅವಮಾನನಾ? ಗುಬ್ಬಿ ನನ್ನ ಫ್ರೆಂಡು. ಅವಳ ಪಕ್ಕ ಕೂರೋಕೆ ನನಗೇನೂ ನಾಚಿಕೆ ಇಲ್ಲ. ನಿನಗೆ ನಾಚಿಕೆಯಾಯ್ತು. ಆ ನಾಚಿಕೆನ ಬಚ್ಚಿಡೋಕೆ ನಿನಗೆ ಸಿಕ್ಕಿದ ಜಾಗ ನಿನ್ನ ಮಕ್ಕಳು.”

ಅವನಿಗೆ ಮಾಡಿದ್ದು ಒಂದೇ ತಪ್ಪು ಎಂದು ಅವಳು ಅಂದುಕೊಂಡಿದ್ದಳು. ಅದರ ಕೆಳಗೆ ಇನ್ನೊಂದು ಇತ್ತು, ಅದಕ್ಕಿಂತ ದೊಡ್ಡದು.

“ಕೇಕ್ ಯಾಕೆ ತಿಂದೆ ಗೊತ್ತಾ?” ಎಂದ ಅವನು. “ತಿಂದು ಮುಗಿಸೋದ್ರೊಳಗೆ ನೀನು ಹೇಳ್ತೀಯ ಅಂತ. ನಿಧಾನಕ್ಕೆ ತಿಂದೆ.”

ಇಷ್ಟು ಹೇಳಿ ಅವನು ಮುಂದಿನ ಪೇಷೆಂಟನ್ನು ಕರೆದ.

ಮನೆಯಲ್ಲಿ ಅಮ್ಮ ಮತ್ತು ಚಿಕ್ಕಮ್ಮ ಹೊಸ ಪರದೆಗಳಿಗೆ ರಿಂಗು ಪೋಣಿಸುತ್ತಿದ್ದರು. ಟೀಚರಮ್ಮ ಚಪ್ಪಲಿ ಕೂಡ ಬಿಡದೆ ಹಾಲಿನ ನಡುವೆ ನಿಂತಳು. ಕೂತರೆ ಹೇಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಬೇಕರಿಲಿ ನಾನು ಸುಳ್ಳು ಹೇಳಿದೆ. ಅವರು ನಮ್ಮ ಸ್ಕೂಲಲ್ಲಿ ಕಲಿಯೋ ಹುಡುಗ ಅಲ್ಲ. ಹಲ್ಲಿನ ಡಾಕ್ಟ್ರು. ಅವತ್ತು ನನ್ನ ಹತ್ರ ಮದುವೆ ಮಾತಾಡೋಕೆ ಬಂದಿದ್ರು ಅನ್ಸತ್ತೆ. ನಾನೂ ಹೂಂ ಅನ್ನೋಕೇ ಹೋಗಿದ್ದೆ. ಯಾವುದಕ್ಕೋ ಅನ್ನೋ ಹೂಂ ಯಾವುದಕ್ಕೋ ಅಂದ್ಬಿಟ್ಟೆ.”

ಚಿಕ್ಕಮ್ಮನ ಕೈಯಿಂದ ರಿಂಗುಗಳು ಉದುರಿ ಸೋಫಾದಡಿಗೆ ಉರುಳಿದವು. “ಅಯ್ಯೋ ನನ್ನ ಮೂತಿಗಿಷ್ಟು. ಡಾಕ್ಟ್ರ ಕೆನ್ನೆ ತಟ್ಟಿದೆನಲ್ಲೇ ನಾನು. ಕೇ-ಕು ಅಂತ ಬಿಡಿಸಿ ಬೇರೆ ಹೇಳ್ಕೊಟ್ಟೆ.” ಅಷ್ಟು ಹೇಳಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಆ ಮನೆ ನೋಡಿದ್ದು ಅದೇ ಮೊದಲು.

ಅಮ್ಮ ರಿಂಗು ಪೋಣಿಸುವುದನ್ನು ನಿಲ್ಲಿಸಲಿಲ್ಲ. “ದಿನವೆಲ್ಲ ಅಂಥ ಮಕ್ಕಳ ಜೊತೆ ಒದ್ದಾಡ್ತೀಯ. ಮನೆಗೆ ಬಂದ್ರೂ ಮಾತು ಬರದವನಾ?”

“ಮಾತು ಬರತ್ತಮ್ಮ. ತಡವಾಗಿ ಬರತ್ತೆ ಅಷ್ಟೇ. ನನಗೆ ಬೇಗ ಬರತ್ತಲ್ಲ, ಬೇಗ ಏನು ಹೇಳಿದೆ ನೋಡಿದ್ಯಲ್ಲ. ಒದ್ದಾಡ್ತೀಯ ಅಂದೆ. ಇವತ್ತು ಒಂದು ಮಗು ತಾನಾಗೇ ಬಾಯಿ ತೆಗೀತು, ಅದನ್ನ ನಾನೇ ಕಲಿಸಿದ್ದು. ನಿನಗೆ ಹೇಳ್ಬೇಕು ಅಂತ ಓಡಿ ಬರೋ ಮನೆ ಆಗ್ಬೇಕಿತ್ತು ಇದು. ನಿನಗೆ ನಾಚಿಕೆಯಾಗತ್ತೆ ಅಂತ ನಾನು ಸ್ಕೂಲಿನ ಸುದ್ದಿನೇ ಎತ್ತಲ್ಲ. ನಾಚಿಕೆಪಡೋದು ನಾನು ಕಲ್ತಿದ್ದೇ ಇಲ್ಲಿ.”

ಇದನ್ನು ಹೇಳಿದ ಮೇಲೆ ಅವಳಿಗೆ ಅದಕ್ಕೂ ನಾಚಿಕೆಯಾಯಿತು. ತನ್ನ ತಪ್ಪನ್ನು ಅಮ್ಮನ ತಲೆಗೆ ಕಟ್ಟಿದಂತೆ ಕಂಡಿತು. “ತಪ್ಪು ನಂದೇ,” ಎಂದು ಸೇರಿಸಿ ಕೋಣೆಗೆ ಹೋದಳು.

ಮಾರನೆಯ ದಿನ ಚಿಕ್ಕಮ್ಮನಿಗೆ ಇದ್ದಕ್ಕಿದ್ದಂತೆ ಹಲ್ಲುನೋವು ಬಂತು. ಯಾವ ಹಲ್ಲು ಎಂದರೆ ಒಮ್ಮೆ ಎಡಗೆನ್ನೆ ಹಿಡಿದಳು, ಒಮ್ಮೆ ಬಲಗೆನ್ನೆ. ಟೀಚರಮ್ಮನ ಕೈ ಹಿಡಿದು ದರದರ ಎಳೆದುಕೊಂಡು ಕ್ಲಿನಿಕ್ಕಿಗೆ ಬಂದಳು. ಕುರ್ಚಿಯಲ್ಲಿ ಕೂತದ್ದೇ, “ಡಾಕ್ಟ್ರೇ, ಅವತ್ತು ನಾನು, ಅದೇನಾಯ್ತು ಅಂದ್ರೆ,” ಎಂದು ಶುರುಮಾಡಿದಳು.

“ಬಾಯಿ ತೆಗೀರಿ,” ಎಂದ ಅವನು. ಕನ್ನಡಿ ಕಡ್ಡಿ ಒಳಗೆ ಹೋಯಿತು. ಲೋಕದಲ್ಲಿ ಚಿಕ್ಕಮ್ಮನ ಎದುರು ಒಬ್ಬ ಮನುಷ್ಯ ನೆಮ್ಮದಿಯಾಗಿ ಮಾತಾಡಬಹುದಾದ ಜಾಗ ಅದೊಂದೇ.

“ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಕೇಕ್ ಚೆನ್ನಾಗಿತ್ತು,” ಎಂದ ಅವನು. “ಹಲ್ಲೂ ಚೆನ್ನಾಗಿದೆ. ಎ... ಎಲ್ಲಾ ಹಲ್ಲೂ.”

ಚಿಕ್ಕಮ್ಮ ಬಾಯಿ ತೆರೆದುಕೊಂಡೇ ಕಣ್ಣಲ್ಲಿ ನೀರು ತಂದಳು. ಟೀಚರಮ್ಮ ಗೋಡೆಗೆ ಒರಗಿ ನಿಂತಿದ್ದಳು. “ನಿನ್ನೆ ಮನೇಲಿ ಎಲ್ಲ ಹೇಳಿದೆ,” ಎಂದಳು ಮೆಲ್ಲಗೆ. “ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ. ಹೇಳಿದೆ ಅಂತ ಹೇಳೋಕೆ ಬಂದೆ. ನೀವಿಲ್ಲದಾಗ ಹೇಳೋದು ಸುಲಭ, ಅದೂ ಗೊತ್ತು.”

ಅವನು ತುಂಬ ಹೊತ್ತು ಅವಳನ್ನು ನೋಡಿದ. ಕಾಡಿಗೆ ಇಲ್ಲದ ಕಣ್ಣು, ಸರಿಯಾಗಿ ಬಾಚದ ತಲೆ, ಕುತ್ತಿಗೆಯಲ್ಲಿ ತೆಗೆಯಲು ಮರೆತ ಕಾರ್ಡುಗಳು.

“ನೋವು ಇನ್ನೂ ಇದೆ,” ಎಂದ. “ಇಲ್ಲ ಅಂದ್ರೆ ಸುಳ್ಳಾಗತ್ತೆ. ಭಾನುವಾರ ನಿಮ್ಮನೆಗೆ ಬರ್ತೀನಿ. ನನ್ನ ಹೆಸರು ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಸಾಕು.”

“ನಿಂತ್ಕೋತೀನಿ,” ಎಂದಳು ಅವಳು. ಚಿಕ್ಕಮ್ಮ ಕುರ್ಚಿಯಿಂದಲೇ ಏನೋ ಒಪ್ಪಿಗೆಯ ಸದ್ದು ಮಾಡಿದಳು.

ಭಾನುವಾರ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಅಮ್ಮ ಹೊಸ ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವನು ಎದುರು ನಿಂತ, ಟೀಚರಮ್ಮ ಪಕ್ಕಕ್ಕೆ. ಅವನು ಹೆಸರು ಹೇಳಲು ಬಾಯಿ ತೆರೆದ. ತುಟಿ ಬಿಗಿಯಿತು, ನರ ಎದ್ದಿತು.

ನಾಚಿಕೆ ಮತ್ತೆ ಬಂತು. ಪ್ರೀತಿಯಾದರೆ ನಾಚಿಕೆ ಹೋಗುತ್ತದೆ ಎಂದು ಅವಳು ನಂಬಿದ್ದಳು. ಹೋಗಿರಲಿಲ್ಲ. ಅದೇ ಬಿಸಿ, ಅದೇ ಕೆನ್ನೆ, ಎಲ್ಲಿಗಾದರೂ ಓಡಿಹೋಗಬೇಕೆಂಬ ಅದೇ ಆಸೆ. ಈ ಸಲ ಅವಳು ಓಡಲಿಲ್ಲ. ಮುಖ ಸುಡುತ್ತಿದ್ದರೂ ತಲೆ ಎತ್ತಿ ಅಮ್ಮನನ್ನೇ ನೋಡಿದಳು. ಅಮ್ಮ ಮೊದಲು ಅವನನ್ನು ನೋಡಿದಳು, ಆಮೇಲೆ ಮಗಳ ಕೆಂಪಾದ ಮುಖವನ್ನು ನೋಡಿದಳು, ಅಲ್ಲೇ ಕಣ್ಣು ನಿಲ್ಲಿಸಿದಳು.

“ನಿಂತ್ಕೊಂಡೇ ಯಾಕೆ ಹೇಳ್ತೀರ, ಕೂತ್ಕೊಂಡು ಹೇಳಿ,” ಎಂದಳು ಅಮ್ಮ. “ಇವತ್ತು ಭಾನುವಾರ, ಯಾರಿಗೂ ಅವಸರ ಇಲ್ಲ.”

ಅವನು ಕೂತ. ಹೆಸರು ಪೂರ್ತಿ ಹೇಳಿದ. ಅಮ್ಮ ಆ ಹೆಸರನ್ನು ಒಮ್ಮೆ ತಾನೂ ಹೇಳಿ ನೋಡಿದಳು, ಸರಿಯಾಗಿ ಬಂತೇ ಎಂದು ಕೇಳುವವಳ ಹಾಗೆ. ಆಮೇಲೆ ಬಹಳ ಹೊತ್ತಿನಿಂದ ಅಳೆದಿಟ್ಟಿದ್ದ ಮಾತನ್ನು ಕೇಳಿದಳು.

“ನನ್ನ ಮಗಳೇ, ಆದ್ರೂ ಕೇಳ್ತೀನಿ. ನಾಲ್ಕು ಜನರ ಎದುರು ನಿಮ್ಮನ್ನ ಯಾರೋ ಅಂದ್ಲಲ್ಲ, ಅಂಥವಳು ನಿಮಗೆ ಬೇಕಾ?”

ಟೀಚರಮ್ಮ ಅವನತ್ತ ತಿರುಗಿದಳು. ಈ ಪ್ರಶ್ನೆಗೆ ಅವನು ಎಷ್ಟು ಹೊತ್ತು ತೆಗೆದುಕೊಂಡರೂ ಅದು ಅವನ ಹಕ್ಕು, ಬೇಡ ಎಂದರೂ ಅದು ನ್ಯಾಯ.

“ಬೇಕು,” ಎಂದ ಅವನು.

ಅವಳಿಗೆ ಇನ್ನು ನಿಂತಿರಲಾಗಲಿಲ್ಲ. ಅವನ ಕುರ್ಚಿಯ ಪಕ್ಕ ನೆಲದ ಮೇಲೇ ಕೂತು, ಅಮ್ಮ ಚಿಕ್ಕಮ್ಮ ಇಬ್ಬರೂ ನೋಡುತ್ತಿದ್ದಂತೆ, ಅವನ ಕೈ ಹಿಡಿದುಕೊಂಡಳು.